ಮೂರನೆಯ ಗಂಟು

ನನ್ನ ಅಂಗಡಿಗೆ ಬಾಗಿಲಿಲ್ಲ, ಬೋರ್ಡಿಲ್ಲ.
ಶಾರ್ಜಾ, ಅಬು ಶಗಾರ, ನಾಲ್ಕನೇ ಮಾಳಿಗೆ.
ಕೆಳಗೆ ಇಸ್ತ್ರಿಯಂಗಡಿಯ ಹಬೆ,
ಮೇಲೆ ಯಾರದೋ ಏಸಿಯಿಂದ ತೊಟ್ಟಿಕ್ಕುವ ನೀರು,
ನಡುವೆ ನಾನು, ಹೊಲಿಗೆ ಮೆಶಿನ್ನು,
ಲೈಸೆನ್ಸಿನ ಪ್ರತಿ ಅಂಟಿಸಿದ ಫ್ರಿಜ್ಜು.

ಗಿರಾಕಿಗಳು ಫೋನಿನೊಳಗಿಂದ ಬರುತ್ತಾರೆ.
ಚಪ್ಪಲಿ ಕಳಚುವುದಿಲ್ಲ, ಕುಡಿಯಲು ನೀರು ಕೇಳುವುದಿಲ್ಲ.
ರಾತ್ರಿ ಎರಡಕ್ಕೆ ಒಬ್ಬಳು:
'ಲಿಡ್ವಿನ್ ಆಂಟಿ, ಹೆರಿಗೆಯಾದ ಮೇಲೆ
ಯಾವುದೂ ಹಿಡಿಸುತ್ತಿಲ್ಲ.'
ಭಟ್ಕಳದ ಸುಹೈಮಾ ಅಳತೆಯನ್ನು ಪಿಸುಗುಟ್ಟುತ್ತಾಳೆ,
ಗೋಡೆಯಾಚೆ ಅತ್ತೆ ಮಲಗಿದ್ದಾಳಂತೆ.
ಖೋರ್‌ಫಕ್ಕಾನಿನ ಸುಡಾನಿ ಟೀಚರಮ್ಮ
ಸೊಂಟ ಎಷ್ಟೆಂದರೆ ನಗುತ್ತಾಳೆ:
'ರಂಜಾನಿಗೆ ಮುಂಚಿನದೋ, ಆಮೇಲಿನದೋ?'
ರೊವೇನಾ ತನ್ನ ಗೆಳತಿಗೆಂದು ಬರೆದಳು:
'ಭುಜ ತುಸು ಅಗಲ. ಏನೂ ಕೇಳಬೇಡ, ಪ್ಲೀಸ್.'
ನಾನು ಕೇಳಲಿಲ್ಲ.
ಭುಜ ಅಗಲ ಮಾಡಿ ಕತ್ತರಿಸಿದೆ.

ದೇರಾದ ಸಗಟು ವ್ಯಾಪಾರಿ ಬುದ್ಧಿ ಹೇಳಿದ್ದ:
'ಫ್ರೀ ಸೈಜ್ ಹೊಲಿ ಸಿಸ್ಟರ್,
ಎಲ್ಲ ಹೆಂಗಸರಿಗೂ ಒಂದೇ, ತಲೆನೋವಿಲ್ಲ.'
ಎಲ್ಲರಿಗೂ ಆಗುವುದು ಒಬ್ಬಳ ಮೈಗೂ ಕೂರದು.
ಇದಕ್ಕೆ ಶಾರ್ಜಾಕ್ಕೆ ಬರಬೇಕಿರಲಿಲ್ಲ,
ಕಿನ್ನಿಗೋಳಿಯಲ್ಲಿ ಪೆಡಲು ತುಳಿದೇ ಸವೆದ
ನನ್ನ ಅಮ್ಮನಿಗೂ ಗೊತ್ತಿತ್ತು.
'ಒಳಮಡಿಕೆ ಎರಡಂಗುಲ ಬಿಡು,' ಅನ್ನುತ್ತಿದ್ದಳು,
'ಹುಡುಗಿ, ಬೆಳೀತಾಳೆ.'
ನಾನು ನಲವತ್ತು ದಾಟಿದವರಿಗೂ ಬಿಡುತ್ತೇನೆ.

ಹೀಗೆಲ್ಲ ಹೇಳಿದರೆ ನಾನು ದೊಡ್ಡವಳಾಗಿ ಕಾಣುತ್ತೇನೆ.
ಕಾಣಬಾರದು.
ಎರಡು ವರ್ಷದ ಹಿಂದೆ ಝೆನೆಬೆಚ್ ಎಂಬವಳು
ಅಜ್ಮಾನಿನ ಯಾವುದೋ ವಿಲ್ಲಾದಿಂದ ಬರೆದಳು,
ಇಥಿಯೋಪಿಯಾದವಳು, ಮನೆಗೆಲಸ.
'ಪೂರ್ತಿ ದುಡ್ಡು ಮೊದಲು' ಎಂದು ಟೈಪಿಸಿದೆ.
ಅಲ್ಲಿಯವರೆಗೆ ಯಾರಿಗೂ ಹಾಗೆ ಟೈಪಿಸಿದವಳಲ್ಲ.
ಬೆರಳು ತಡವರಿಸಲೂ ಇಲ್ಲ,
ಅದನ್ನೇ ಇವತ್ತಿಗೂ ನೆನೆಯುತ್ತೇನೆ.

ಮೂರನೇ ದಿನ ಡೆಲಿವರಿಯ ಗುಲ್ ಜಮಾನ್
ಒಂದು ಲಕೋಟೆ ತಂದುಕೊಟ್ಟ. ಭಾರವಿತ್ತು.
ನೂರ ಹತ್ತು ದಿರ್ಹಮ್, ಮುಕ್ಕಾಲು ಪಾಲು ಚಿಲ್ಲರೆ.
ಜೊತೆಗೆ ಒಂದು ಬಿಳಿ ನೂಲು,
ಟೇಪು ಸಿಗದವಳು ನೂಲಿನಲ್ಲೇ ಅಳೆದು
ಮೂರು ಕಡೆ ಗಂಟು ಹಾಕಿದ್ದಳು.
ಮೊದಲನೆಯದು ಸೊಂಟ, ಎರಡನೆಯದು ಎದೆ,
ಮೂರನೆಯದು ಏನೆಂದು ತಿಳಿಯಲಿಲ್ಲ.
ತೋಳಿಗೆ ಹಿಡಿದೆ, ನಿತಂಬಕ್ಕೆ ಸುತ್ತಿದೆ,
ಭುಜದಿಂದ ಇಳಿಬಿಟ್ಟೆ, ಮೊಣಕಾಲ ಬಳಿ ನಿಂತುಬಿಟ್ಟಿತು.
ಅವಳ ಕೈಗೆ ಫೋನು ಸಿಗುವುದು ಶುಕ್ರವಾರ ಮಾತ್ರ.

ಶುಕ್ರವಾರ ಹೇಳಿದಳು:
'ಅದು ನನ್ನದಲ್ಲ, ಮಗಳದ್ದು.
ನಾನು ಹೊರಟಾಗ ಅಷ್ಟೆತ್ತರ ಇದ್ದಳು.
ಈಗ ಎಷ್ಟೋ. ಅಂದಾಜಿನಲ್ಲಿ ಹೊಲಿ.'

ಅಂದು ಎರಡು ಫ್ರಾಕಿಗೂ ಮೆಶಿನ್ನಿನ ಮುಂದೆ ಕೂತಾಗ
ಅಮ್ಮನ ಎರಡಂಗುಲ ಸಾಲದೆನಿಸಿ
ನಾಲ್ಕು ಬಿಟ್ಟೆ.
ದುಡ್ಡು ವಾಪಸು ಕೊಡಲಿಲ್ಲ;
ಕೊಟ್ಟಿದ್ದರೆ ಅದು ಬೇರೆ ಥರದ ಅವಮಾನ.
ಅಂದಿನಿಂದ ಒಂದು ನಿಯಮ ಮಾಡಿಕೊಂಡೆ:
ಡಾಕ್ಟರಮ್ಮನಿರಲಿ, ಯಾರೇ ಇರಲಿ,
ಅರ್ಧ ಮುಂಗಡ, ಎಲ್ಲರಿಗೂ.
ಕೆಲವು ಹಳೆ ಗಿರಾಕಿಗಳು ಮುನಿದು ಹೋದರು.
ಒಬ್ಬಳು ಇನ್ನೂ ಬಂದಿಲ್ಲ.

ನೂಲು ಅಳತೆಯ ಪುಸ್ತಕದಲ್ಲಿ ಪಿನ್ನಿಗೆ ಸಿಕ್ಕಿಸಿದೆ.
ಕರೆಂಟು ಹೋದ ಒಂದು ಸಂಜೆ
ಬಾಬಿನ್ನಿಗೆ ನೂಲು ಸಿಗದೆ
ಅದಕ್ಕೇ ಕೈಹಾಕಿ, ಹಿಂದೆ ತೆಗೆದೆ.

ನಿನ್ನೆ ಅವಳ ಸಂದೇಶ:
'ಆಂಟಿ, ಒಳಮಡಿಕೆ ಪೂರ್ತಿ ಬಿಚ್ಚಿದರಂತೆ ಊರಲ್ಲಿ.
ಆದರೂ ಸಾಲಲಿಲ್ಲವಂತೆ.'
ಅದರ ಕೆಳಗೆ ಇನ್ನೊಂದು ಸಾಲು:
'ಹೊಸ ನೂಲು ಕಳಿಸುತ್ತಿದ್ದೇನೆ.'

ಅರ್ಧ ಮುಂಗಡ ಬಂದಾಗಿತ್ತು.