ಮುತ್ತುಗದೆಲೆಯ ಲೆಕ್ಕ

ಪಾಲು ಹಾಕುವುದು ನಮ್ಮ ಮನೆಯ ಕೆಲಸ.
ಹೊಡೆದವನ ಕೈ ನಡುಗಿದರೂ ನಡೆದೀತು,
ಪಾಲು ಹಾಕುವವನದು ನಡುಗಬಾರದು
ಅನ್ನುತ್ತಿದ್ದ ನಮ್ಮಪ್ಪ ಚಿನ್ನೋಬಳಯ್ಯ.

ಯುಗಾದಿ ಕಳೆದ ಮೂರನೆಯ ದಿನ
ಕಮರದ ಮರದ ಕೆಳಗೆ ಮುತ್ತುಗದೆಲೆ ಹಾಸುವುದು,
ತಲೆಗೊಂದು.
ಬಲೆ ಹೊತ್ತವನಿಗೊಂದು, ಬಲೆಗೇ ಒಂದು,
ಪೊದೆ ಬಡಿದು ಸೋವಿದ ಹುಡುಗರಿಗೆ,
ತಮಟೆಯ ಮಾರಪ್ಪನಿಗೆ,
ನಾಯಿಗೆ ಅರ್ಧ.
ಮನೆಯಲ್ಲಿ ಬಸುರಿ ಇದ್ದರೆ ಎರಡು,
ಹೊಟ್ಟೆಯೊಳಗಿನದೂ ಬೇಟೆಗೆ ಬಂದಿತ್ತೆಂದೇ ಲೆಕ್ಕ.
ಹಾಗೆ ಹುಟ್ಟುವ ಮೊದಲೇ ಪಾಲು ತಿಂದವನು ನಾನು.

ಅಪ್ಪನ ಕಾಲಕ್ಕೆ ಅರವತ್ತೆರಡು ಎಲೆ.
ಒಂದೇ ಹುಲ್ಲೆ, ಬೆರಳಗಲದ ತುಂಡು,
ಊರೆಲ್ಲ ಸಾರಿನ ಘಮ.

ಕಾನೂನು ಬಂದು ನಿಂತುಹೋಯಿತು ಅನ್ನುತ್ತಾರೆ.
ಬಂದದ್ದು ನಿಜ. ಜೀಪು ಬಂತು,
ಸಣ್ಣಪಾಲಯ್ಯನ ಕೋವಿ ಮಧುಗಿರಿ ಠಾಣೆಗೆ ಹೋಯಿತು,
ಹಿಂದೆಯೇ ಹೋದ ಅವನು ಎಂಟು ತಿಂಗಳಿಗೆ ಬಂದ.
ಆದರೆ ಎಲೆ ಉದುರತೊಡಗಿದ್ದು ಅದಕ್ಕೂ ಮುಂಚೆ.
ಗ್ಯಾತಪ್ಪನ ಮಂಡಿ.
ಬೋಸಯ್ಯನ ಮಕ್ಕಳಿಗೆ ಅಂದೇ ಕೊಡಿಗೇನಹಳ್ಳಿಯಲ್ಲಿ ಕ್ರಿಕೆಟ್ಟು.
ಬಂಗಾರಪ್ಪ ತುಳಸಿಮಣಿ ಕಟ್ಟಿಸಿಕೊಂಡು ಮಾಂಸ ಬಿಟ್ಟ.
ಒಬ್ಬ ಸುಮ್ಮನೆ ಬರಲಿಲ್ಲ. ಯಾಕೋ ಅಂದರೆ ನಕ್ಕ.

ಈಗ ಅಕ್ಕಿಹಿಟ್ಟಿನ ಹುಲ್ಲೆ.
ನನ್ನ ಹೆಂಡತಿ ತಟ್ಟುತ್ತಾಳೆ, ಕೊಂಬಿಗೆ ಊದುಬತ್ತಿ ಕಡ್ಡಿ.
ಕೆಲವು ವರ್ಷ ಮೇಕೆಯಂತೆ ಕಾಣುತ್ತದೆ.
ಈ ಸಲ ಮೂರು ಎಲೆ:
ನಾನು, ಗ್ಯಾತಪ್ಪ, ತಮಟೆಯಿಲ್ಲದ ಮಾರಪ್ಪನ ಮೊಮ್ಮಗ.
ಬಲೆಗೊಂದು ಹಾಕಬೇಕಿತ್ತು.
ಬಲೆ ಅಲ್ಲಿರಲಿಲ್ಲ.

ಅದು ನನ್ನ ಕಡಲೆಕಾಯಿ ಹೊಲದ ಸುತ್ತ ಇತ್ತು.
ನಾವು ಇಳಿದಷ್ಟೂ ಅವು ಏರಿವೆ.
ಕತ್ತಲಾದರೆ ಜಯಮಂಗಲಿಯ ಒಣಮರಳು ದಾಟಿ ಬಂದು
ಹೂ ಬಿಟ್ಟ ಬಳ್ಳಿಯನ್ನೇ ಆರಿಸಿ ತಿನ್ನುತ್ತವೆ,
ಅಟ್ಟಿದರೆ ನಾಲ್ಕು ಮಾರು ಹೋಗಿ ತಿರುಗಿ ನೋಡುತ್ತವೆ,
ಇವನೊಬ್ಬನೇನಾ, ಅನ್ನುವ ಹಾಗೆ.

ಅದೇ ರಾತ್ರಿ ಒಂದು ಸಿಕ್ಕಿಕೊಂಡಿತು.
ಕರಿಗಂಡು. ಕೊಂಬಿನ ತಿರುವುತಿರುವಿಗೂ ಕತ್ತಾಳೆ ಹಗ್ಗ.
ಅದು ಕೂಗಿದ್ದಲ್ಲ, ಗ್ಯಾತಪ್ಪನ ಕುಂಟುನಾಯಿ ಕೂಗಿದ್ದು.
ಊರು ಎದ್ದು ಬಂತು.
ಮೊಬೈಲು ಬೆಳಕು ಹಿಡಿದು, ಚಪ್ಪಲಿ ಮರೆತು,
ಯಾರೂ ಹೇಳಿಕೊಡದೆಯೇ
ಗಾಳಿಯ ದಿಕ್ಕು ಬಿಟ್ಟು ಮೂರು ಕಡೆ ಸುತ್ತುಗಟ್ಟಿ ನಿಂತರು.
ಅಪ್ಪನ ಕಾಲದ ಅದೇ ಬಾಗು, ಕುಡುಗೋಲಿನಂತೆ.
ತುಳಸಿಮಣಿಯ ಬಂಗಾರಪ್ಪ ಹಿಂಗಾಲು ಅದುಮಿದ,
ಬೋಸಯ್ಯನ ಮಗ ಶರ್ಟು ಬಿಚ್ಚಿ ಕಣ್ಣಿಗೆ ಮುಚ್ಚಿದ.
ಗಂಟು ನನ್ನ ಮನೆಯ ಗಂಟು, ಬಿಚ್ಚಲು ನಾನೇ ಬೇಕು.
ಬಿಚ್ಚಲಾಗಲಿಲ್ಲ.
ಪಾಲಿನ ಕತ್ತಿ ತಂದು ಬಲೆ ಕುಯ್ದೆ.
ಅಂಗೈ ಕೆಳಗೆ ಅದರ ಪಕ್ಕೆ, ಕುದಿಯುವ ಅನ್ನದ ಮುಚ್ಚಳ.
ಕೈ ನಡುಗಿತಪ್ಪಾ, ನಡುಗಿತು.

ಎದ್ದು ನಿಂತಿತು. ಒಂದು ನೆಗೆತಕ್ಕೆ
ಬೆಳಕಿನಾಚೆ ಹೋಯಿತು.

ಬೆಳಗ್ಗೆ ವಾಚರು ಬಂದ.
ಬಲೆ ಯಾರದು? ಯಾರೂ ಬಾಯಿ ಬಿಡಲಿಲ್ಲ.
ಹೋಗಲಿ, ಎಷ್ಟು ಜನ ಇದ್ದಿರಿ? ಪುಸ್ತಕ ತೆರೆದ.
ಆ ಲೆಕ್ಕ ನನಗೆ ಗೊತ್ತಿತ್ತು,
ಕತ್ತಲಲ್ಲೇ ಎಲೆ ಹಾಸಿಕೊಂಡಿದ್ದೆ:
ಹೊಲದಲ್ಲಿ ನಲವತ್ತಮೂರು,
ಬದುವಿನ ಮೇಲೆ ನನ್ನ ಬಸುರಿ ಸೊಸೆ.
ನಲವತ್ತೈದೂವರೆ, ಅಂದೆ.
ಅವನು ಪೆನ್ನು ತಡೆದು ನನ್ನ ಮುಖ ನೋಡಿದ.