ಎರಡು ಚುಕ್ಕಿ

ನಿನ್ನೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.
ಯಾರು ಎಂದು ಕೇಳಲಿಲ್ಲ, ಗುಟ್ಟು ಕೇಳಲಿಲ್ಲ,
ನನ್ನ ಜಾಣತನಕ್ಕೆ ನಾನೇ ಬೀಗಿ ಮಲಗಿದೆ.
ಬೆಳಿಗ್ಗೆ ಇಂಗಾ ಮ್ಯಾನ್ಸನ್ ಫೋನು: ಏನೂ ಬಂದಿಲ್ಲ.

ಹೆಸರಿನ ಮುಂದೆ ಎರಡು ಚುಕ್ಕಿ ಮರೆತಿದ್ದೆ,
ಒಂದರ ಮೇಲೊಂದು, ಸಾಸಿವೆಯಷ್ಟು.
ಅಬರ್ಡೀನಿಗೆ ಹೋಗಬೇಕಾದದ್ದು
ಅಬರ್ಡೀನ್ ಎಂಬ ಹೆಸರು ಹೊತ್ತು
ನನ್ನ ಯಂತ್ರದಲ್ಲೇ ತಣ್ಣಗೆ ಕೂತಿತ್ತು.

ಲರ್ವಿಕ್ಕಿನಲ್ಲಿ ಜೂನಿನ ರಾತ್ರಿ ರಾತ್ರಿಯೇ ಅಲ್ಲ,
ಬೂದಿ ಮುಚ್ಚಿದ ಕೆಂಡ.
ಮೀನುಕಟ್ಟೆಯ ಮೇಲಿನ ಕೋಣೆಯಲ್ಲಿ ನಾನು, ಒಂದು ಹೀಟರು,
ಮೂಸಾ ದ್ವೀಪದ ಕಲ್ಲುಗೋಪುರದಿಂದ ತಂದ
ನಲವತ್ತೇಳು ಕಡತ ಹಕ್ಕಿದನಿ.

ಗೋಡೆಯ ಸಂದಿನಲ್ಲಿ ಒಂದು ಮೊಟ್ಟೆಯ ಮೇಲೆ,
ಇನ್ನೊಂದು ಕಡಲಿಂದ ಬರುವುದು ಮಬ್ಬಾದ ಮೇಲೇ.
ಒಳಗಿನದು ಗೊರಗೊರ ಅನ್ನುತ್ತದೆ, ಕೊನೆಗೊಂದು ಬಿಕ್ಕಳಿಕೆ.
ಯಾವ ಸಂದು ಎಂದು ತಿಳಿದರೆ
ಮೊಟ್ಟೆ ಕದಿಯುವವರು ಈಗಲೂ ಇದ್ದಾರೆ, ಅನ್ನುತ್ತಾಳೆ ಇಂಗಾ,
ಅವರೂ ಕಂಪ್ಯೂಟರು ಬಲ್ಲವರು.

ಈ ಸಲ ಚುಕ್ಕಿ ಇಟ್ಟೆ.
ಕರಿಪರದೆ ತಡೆಯಿತು: ಈ ಯಂತ್ರದ ಪರಿಚಯವಿಲ್ಲ,
ಇಗೋ ಅದರ ಹೆಬ್ಬೆಟ್ಟು, ನಂಬುತ್ತೀಯಾ?
ಇಂಗಾ ಚೀಟಿಯಲ್ಲಿ ಬರೆದುಕೊಟ್ಟದ್ದರ ಪಕ್ಕ
ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟೆ,
ಅಕ್ಕಿಯಲ್ಲಿ ಕಲ್ಲು ಹೆಕ್ಕಿದಂತೆ.
'ವೈ' ಎಂದರೆ ಒಪ್ಪುವುದಿಲ್ಲ ಅದು,
'ಯೆಸ್' ಎಂದು ಪೂರ್ತಿ ಬರೆಯಬೇಕು,
ಮದುವೆ ರಿಜಿಸ್ಟರಿನ ಗುಮಾಸ್ತನ ಎದುರು ಕೂತಂತೆ.

ಆಮೇಲೆ ಗುಟ್ಟಿನ ಮಾತು.
ಎಷ್ಟು ಒತ್ತಿದರೂ ಒಂದು ನಕ್ಷತ್ರವೂ ಮೂಡದು,
ಕರೆಂಟು ಹೋದಾಗ ಗುಂಡಿ ಹಾಕಿಕೊಂಡ ಹಾಗೆ.
ನನ್ನದು ಅಜ್ಜಿಯ ಒಂದು ಬೈಗುಳದ ಅರ್ಧ.
ಯಾವ ಅರ್ಧ, ಹೇಳಲಾರೆ.

ಹೊರಟಿತು.
ಕೂಗಿದ ಗಂಟೆ ಅಳಿಸಿಹೋಗದಿರಲಿ ಎಂದು
ಜತೆಗೊಂದು ಪುಟ್ಟ ಅಕ್ಷರವನ್ನೂ ಕಳಿಸಿದ್ದೆ:
ಹನ್ನೆರಡು ಐವತ್ತೆರಡು ಅಲ್ಲಿಯೂ
ಹನ್ನೆರಡು ಐವತ್ತೆರಡೇ.
ಅರವತ್ತೊಂದಕ್ಕೆ ನಿಂತಿತು.
ನಾನೂ ನಿಂತೆ, ಕಿಟಕಿಯ ಹತ್ತಿರ.
ಬಂದರಿನಲ್ಲಿ ಯಾರೋ ಹಗ್ಗ ಬಿಗಿಯುತ್ತಿದ್ದರು.
ತಿರುಗಿ ನೋಡಿದರೆ ತೊಂಬತ್ತು.

ಮುಗಿದಾಗ ಅದೇನೂ ಹೇಳುವುದಿಲ್ಲ.
ಶಾಭಾಸ್ ಇಲ್ಲ, ತಲುಪಿತು ಎಂದಿಲ್ಲ,
ಸುಮ್ಮನೆ ಮತ್ತೆ ಅದೇ ಮಿಟುಕುವ ಗೆರೆ.

ನಿನ್ನೆಯ ಸುಳ್ಳು ಅಬರ್ಡೀನನ್ನು ಅಳಿಸುವ ಮುಂಚೆ
ಹತ್ತೊಂಬತ್ತನೆಯದನ್ನು ಕೇಳಿದೆ:
ಗೊರಗೊರ, ಬಿಕ್ಕಳಿಕೆ, ಗಾಳಿ,
ನಡುವೆ ನನ್ನದೇ ಕೆಮ್ಮು.
ಅದಕ್ಕೂ ಬೀಗ ಹಾಕಿ
ಕಡಲ ತಳದಲ್ಲಿ ದಾಟಿಸಿಬಿಟ್ಟಿದ್ದೇನೆ.