ಹೆಸರು ಬರೆಯಬೇಡಿರಿ

ಶನಿವಾರದ ಮುಂಜಾನೆ ಸಾಲಿ ಬಿಟ್ಟಿತ್ತು.
ಗುಳೇದಗುಡ್ಡದ ಬಿಸಿಲು ಹೊಸ್ತಿಲ ದಾಟುವ ಹೊತ್ತು
ನಾನು, ಶಿವಲೀಲಾ, ಬನಪ್ಪ
ಪ್ರಶ್ನೆ ಹೊಂದಿಸಲು ಕೂತೆವು.

‘ನಿಮಗೆ ಕವಿತೆ ಇಷ್ಟವೇ?’ ಅಂತ ಬರೆದೆ.
‘ಹಂಗ್ ಕೇಳಿದ್ರ ಎಲ್ಲಾರೂ ಹೌದಂತಾರ್ರಿ ಸರ್,
ನೀವು ಕನ್ನಡ ಮಾಸ್ತರಲ್ಲಾ’
ಅಂದಳು ಶಿವಲೀಲಾ.
ಹೊಡೆದುಹಾಕಿದೆ.

‘ಹೋದ ವರ್ಷದ ಸಂಚಿಕೆಯಲ್ಲಿ
ಯಾವ ಪುಟ ಓದದೆ ದಾಟಿಸಿದಿರಿ?’
ಇದು ಅವಳದು.
ಸಂಪಾದಕೀಯ ನನ್ನದಿತ್ತು.
ಇರಲಿ ಅಂದೆ.

ಬನಪ್ಪ ಪಟ್ಟಿ ಹಿಡಿದು ಗೆರೆ ಹಾಕಿದ,
ಖಣ ನೇಯುವ ಮನೆಯ ಹುಡುಗ,
ಒಂದೆಳೆ ಅತ್ತಿತ್ತ ಆಗಲಿಲ್ಲ.
ಕೊನೆಗೊಂದು ಖಾಲಿ ಚೌಕ: ಇತರೆ.
ನೆತ್ತಿಯ ಮೇಲೆ ದಪ್ಪಕ್ಷರ:
ಹೆಸರು ಬರೆಯಬೇಡಿರಿ.

ಸೋಮವಾರ ನೂರಾಹನ್ನೆರಡು ಹಾಳೆ ಬಂದವು.
ನಗೆಹನಿ ಬೇಕೆಂದವರು ಎಪ್ಪತ್ತು.
ಗಣಿತದ ಒಗಟು ಬೇಕೆಂದವನು ಒಬ್ಬನೇ,
ಯಾರೆಂದು ಮೂವರಿಗೂ ಗೊತ್ತು.
ಸಂಪಾದಕೀಯ ದಾಟಿಸಿದವರನ್ನು
ಶಿವಲೀಲಾ ಎಣಿಸಿದಳು,
ಎಷ್ಟೆಂದು ಹೇಳಲಿಲ್ಲ.

ಒಂದು ಹಾಳೆಯಲ್ಲಿ ಯಾವುದಕ್ಕೂ ಗುರುತಿಲ್ಲ.
ಚೌಕದೊಳಗೆ ಮಾತ್ರ, ಒತ್ತಿ ಒತ್ತಿ,
ಹಿಂಬದಿಗೂ ಉಬ್ಬು ಮೂಡುವ ಹಾಗೆ:
ದಸ್ತಗೀರ ಮಾಬುಸಾಬ ನದಾಫ.

‘ಬ್ಯಾಡಂದ್ರೂ ಬರದಾನ್ನೋಡ್ರಿ’ ಬನಪ್ಪ ನಕ್ಕ.
‘ಲೆಕ್ಕದಾಗಿಂದ ತಗದ್ಬಿಡೂಣೇನ್ರಿ?’

ಹಳೇ ಸಂಚಿಕೆ ತಿರುವಿದೆ.
ಮುಖ್ಯಗುರುಗಳ ಹೆಸರು ಒಂಬತ್ತು ಕಡೆ,
ಗಂಟೆ ಕೊಡಿಸಿದ ದಾನಿಯದು ನಾಲ್ಕು,
ನನ್ನದು ಆರು.
ಹಿಂದಿನ ಬೆಂಚಿನದು
ಅಚ್ಚಿನ ತಪ್ಪಿಗೂ ಒಂದು ಬಿದ್ದಿರಲಿಲ್ಲ.

ಬೆರಳಿನಿಂದ ಆ ಹಾಳೆಯ ಬೆನ್ನು ಸವರಿದೆ.
ತಿರುವುಮುರುವಾಗಿ, ಅಕ್ಷರ ಅಕ್ಷರ ಸಿಕ್ಕಿತು.

ಶಿವಲೀಲಾ ಪೆನ್ನು ತಗೊಂಡು
ಎಣಿಕೆಪಟ್ಟಿಯ ‘ಇತರೆ’ ಎದುರು
ಒಂದು ಗೆರೆ ಎಳೆದಳು.